ಎರಡು ಕಾರು, ಮೂರು ದಿನ, ನಾಲ್ಕು ಊರು: ನಮ್ಮ ಮಲೆನಾಡು ಪ್ರವಾಸದ ಪ್ಲಾನ್ ಸರಿ ಮಾಡೋದು ಹೇಗೆ?

ಬಸವನಗುಡಿ ಮನೆ (ಅಕ್ಟೋಬರ್ 18)

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರ ಮಕ್ಕಳಿಗೆ ರಜೆ ಇದೆ. ನಾವು ಏಳು ಜನ. ನಾನು, ಯಜಮಾನರು, 13 ಮತ್ತು 9 ವರ್ಷದ ಇಬ್ಬರು ಮಕ್ಕಳು, ಅತ್ತೆ, ಮೈದುನ, ಓರಗಿತ್ತಿ. ಮೈದುನ ಒಂದು ಪ್ಲಾನ್ ಹಾಕಿದ್ದಾರೆ. ಎರಡು ಕಾರಿನಲ್ಲಿ ಬೆಂಗಳೂರಿನಿಂದ ಚಿಕ್ಕಮಗಳೂರು, ಮುಳ್ಳಯ್ಯನಗಿರಿ. ಅಲ್ಲಿಂದ ಬೇಲೂರು ದಾರಿಯಲ್ಲಿ ಸಕಲೇಶಪುರ. ಮಾರನೇ ದಿನ ಸೋಮವಾರಪೇಟೆ ಮೇಲೆ ಮಡಿಕೇರಿ. ಮೂರನೇ ದಿನ ವಾಪಸ್. ಸುತ್ತಾಟ ಎಲ್ಲ ಸೇರಿ 750 ಕಿಲೋಮೀಟರ್ ಆಗುತ್ತೆ.

ನನಗೆ ಈ ಪ್ಲಾನ್ ಯಾಕೋ ಮನಸ್ಸಿಗೆ ಒಪ್ಪುತ್ತಿಲ್ಲ. ಕಾರಣ ಹೇಳುತ್ತೇನೆ. ಹೋದ ವರ್ಷ ಹೀಗೇ ಒಂದು ಹೋಂಸ್ಟೇಗೆ ಹೋಗಿದ್ದೆವು. ಊರು, ಹೆಸರು ಬೇಡ. ಹೊರಡುವ ದಿನ ಬೆಳಿಗ್ಗೆ ಚಿಕ್ಕವಳು ಕರು ನೋಡೋಕೆ ಅಂತ ಅಡುಗೆಮನೆ ಹಿಂದಕ್ಕೆ ಹೋದಳು. ಕರೆಯೋಕೆ ಹೋದಾಗ ಅವಳು ಒಂದು ಗುಂಡಿ ಮುಂದೆ ನಿಂತಿದ್ದಳು. ಅರ್ಧ ಸುಟ್ಟ ನೀರಿನ ಬಾಟಲಿ, ಕರಗಿ ಮುದ್ದೆಯಾದ ತಟ್ಟೆ, ಇನ್ನೂ ಸಣ್ಣಗೆ ಹೊಗೆ. ಅದರ ಮೇಲೆ ಒಂದು ಹಸಿರು ಬಣ್ಣದ ಚಿಪ್ಸ್ ಪ್ಯಾಕೆಟ್, ಅಂಚು ಮಾತ್ರ ಸುಟ್ಟಿತ್ತು. ಹಿಂದಿನ ರಾತ್ರಿ ನಾವೇ ತಿಂದಿದ್ದು. "ಅಮ್ಮ, ಇದು ನಮ್ಮದೇ ಅಲ್ವಾ?" ಅಂದಳು. ನಾವು ಅದನ್ನು ಕಸದ ಬುಟ್ಟಿಗೇ ಹಾಕಿದ್ದೆವು. ಬುಟ್ಟಿಗೆ ಹಾಕಿದರೆ ನಮ್ಮ ಕೆಲಸ ಮುಗೀತು ಅಂದುಕೊಂಡಿದ್ದೆ.

ಹೋಗೋದನ್ನೇ ಬಿಡಬೇಕು ಅಂತ ನಾನು ಹೇಳುತ್ತಿಲ್ಲ. ಮಕ್ಕಳು ಕಾಡು ನೋಡಬೇಕು, ಅತ್ತೆಗೂ ಮನೆಯಿಂದ ಹೊರಗೆ ಬಂದ ಹಾಗಾಗುತ್ತೆ. ಆದರೆ ಹೋದ ಜಾಗಕ್ಕೆ ಕಡಿಮೆ ತೊಂದರೆ ಆಗೋ ಹಾಗೆ ಹೇಗೆ ಹೋಗೋದು? ತಿಳಿದವರು ದಯವಿಟ್ಟು ಹೇಳಿ. ಅತ್ತೆಗೆ 68, ಮಂಡಿ ನೋವಿದೆ, ಇದು ಮಾತ್ರ ನೆನಪಿಟ್ಟುಕೊಳ್ಳಿ.

ಹಳಿ ಪಕ್ಕದವ (ಅಕ್ಟೋಬರ್ 18)

ಮೇಡಂ, ನಾನು ಹಾಸನದವನು. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತನಾಗಿದ್ದೇನೆ. ಮೊದಲು ನಿಮ್ಮ ಪ್ಲಾನಿನ ಲೆಕ್ಕ ನೋಡೋಣ.

ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತೆ. ಡೀಸೆಲ್ ಆದರೆ ಸುಮಾರು 2.7 ಕೆಜಿ. ಎರಡು ಕಾರು ಸೇರಿ 1,500 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಹಿಡಿದರೆ 100 ಲೀಟರ್ ಪೆಟ್ರೋಲ್. ಅಂದರೆ 230 ಕೆಜಿ. ತಲೆಗೆ 33 ಕೆಜಿ ಬಿತ್ತು. ಘಾಟಿಯಲ್ಲಿ ಇಷ್ಟು ಮೈಲೇಜ್ ಬರಲ್ಲ, ಹಾಗಾಗಿ ಇದು ಕಡಿಮೆ ಲೆಕ್ಕವೇ.

ಈಗ ನಾಲ್ಕು ಊರಿನ ಬದಲು ಸಕಲೇಶಪುರ ಒಂದಕ್ಕೇ ಹೋಗಿ ಬನ್ನಿ. ಅದೇ ಎರಡು ಕಾರಿನಲ್ಲೇ ಹೋದರೂ ಹೋಗಿ ಬರೋಕೆ ಒಂದೊಂದು ಕಾರಿಗೆ 440 ಕಿಲೋಮೀಟರ್. ತಲೆಗೆ 19 ಕೆಜಿಗೆ ಇಳಿಯುತ್ತೆ. ಇನ್ನು ಬಸ್. 220 ಕಿಲೋಮೀಟರಿಗೆ ಲೀಟರಿಗೆ ನಾಲ್ಕರಂತೆ 55 ಲೀಟರ್ ಡೀಸೆಲ್, ಸುಮಾರು 150 ಕೆಜಿ. ಅದನ್ನು 45 ಜನ ಹಂಚಿಕೊಂಡರೆ ತಲೆಗೆ 3.3 ಕೆಜಿ. ಹೋಗಿ ಬರೋಕೆ ಏಳು ಕೆಜಿ ಕೂಡ ಆಗಲ್ಲ. ಅದೂ ಆ ಬಸ್ ನೀವು ಹತ್ತಿದರೂ ಹೋಗುತ್ತೆ, ಹತ್ತದಿದ್ದರೂ ಹೋಗುತ್ತೆ.

ಆದರೆ ನಿಮ್ಮ ಅತ್ತೆಯವರಿಗೆ ಮಂಡಿ ನೋವು ಅಂದಿರಿ. ಹಾಗಿದ್ದರೆ ರೈಲೇ ಸರಿ. ಕಾಲು ಚಾಚಬಹುದು, ಎದ್ದು ಓಡಾಡಬಹುದು, ಶೌಚಾಲಯ ಇದೆ. ಕಾರಿನಲ್ಲಿ ಐದು ಗಂಟೆ ಮಂಡಿ ಮಡಚಿ ಕೂತು ಇಳಿಯುವಾಗ ಆಗೋ ಕಷ್ಟ ನನ್ನ ಮನೆಯಲ್ಲೇ ನೋಡಿದ್ದೇನೆ. ಯಶವಂತಪುರದಿಂದ ಬೆಳಿಗ್ಗೆ ಹೊರಡುವ ಮಂಗಳೂರು ಕಡೆಯ ರೈಲು ಹಿಡಿದರೆ ಮಧ್ಯಾಹ್ನದ ಹೊತ್ತಿಗೆ ಸಕಲೇಶಪುರ. 2021ರ ಜುಲೈಯಿಂದ ಈ ದಾರಿಯಲ್ಲಿ ದೊಡ್ಡ ಗಾಜಿನ ವಿಸ್ಟಾಡೋಮ್ ಬೋಗಿಯೂ ಇದೆ. ನಿಜವಾದ ಘಾಟಿ ಶುರುವಾಗೋದು ಸಕಲೇಶಪುರ ದಾಟಿದ ಮೇಲೆ. ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿಲೋಮೀಟರ್, 57 ಸುರಂಗ, ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಇಳಿಯುವ ಇಳಿಜಾರು. ರೈಲು ನಿಧಾನಕ್ಕೆ ಇಳಿಯುತ್ತೆ, ಮಕ್ಕಳು ಸುರಂಗ ಎಣಿಸುತ್ತಾ ಕೂತಿರುತ್ತಾರೆ. ಒಂದು ದಿನ ಅದಕ್ಕೇ ಇಟ್ಟುಕೊಳ್ಳಿ. ಬೆಳಿಗ್ಗೆ ಸುಬ್ರಹ್ಮಣ್ಯಕ್ಕೆ ಇಳಿದು ಸಂಜೆಗೆ ಹತ್ತಿ ಬನ್ನಿ.

ಮುಂಗಡ ಟಿಕೆಟ್ ಈಗ 60 ದಿನ ಮೊದಲು ಸಿಗುತ್ತೆ. ಡಿಸೆಂಬರ್ 25ಕ್ಕೆ ಬೇಕಿದ್ದರೆ ಅಕ್ಟೋಬರ್ 26ಕ್ಕೆ ತೆರೆಯುತ್ತೆ. ರಜೆಯ ದಿನಗಳದ್ದು ಬೇಗ ಖಾಲಿಯಾಗುತ್ತೆ, ಬೆಳಿಗ್ಗೆ ಎಂಟಕ್ಕೇ ಕೂತು ಮಾಡಿಸಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಯಾರಾದರೂ ಹಳಿ ಮೇಲೆ ನಡೆದು ಘಾಟಿ ನೋಡೋಣ ಅಂದರೆ ಬೇಡ ಅನ್ನಿ. ಅದಕ್ಕೆ ಅನುಮತಿ ಇಲ್ಲ. ಸುರಂಗದೊಳಗೆ ರೈಲು ಬಂದರೆ ಪಕ್ಕಕ್ಕೆ ಸರಿಯೋಕೆ ಜಾಗ ಇರಲ್ಲ.

ಪೀಣ್ಯ ಶಿಫ್ಟ್ (ಅಕ್ಟೋಬರ್ 19)

ಬೇಜಾರು ಮಾಡಿಕೊಳ್ಳಬೇಡಿ, ನನ್ನ ಮಾತೂ ಕೇಳಿ. ನಾನು ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವನು. ವರ್ಷಕ್ಕೆ ಸಿಗೋದು ಒಂದು ಲಾಂಗ್ ವೀಕೆಂಡ್, ಜಾಸ್ತಿ ಅಂದರೆ ಎರಡು. ಅದರಲ್ಲಿ ಹೆಂಡತಿ ಮಕ್ಕಳಿಗೆ ನಾಲ್ಕು ಜಾಗ ತೋರಿಸಬೇಕು ಅನ್ನೋ ಆಸೆ ತಪ್ಪಾ? ಒಂದೇ ಊರಿಗೆ ಹೋಗಿ ಬನ್ನಿ ಅನ್ನೋದು ರಜೆ ಇರುವವರ ಮಾತು. ರೈಲು ಇಳಿದ ಮೇಲೆ ಏನು ಮಾಡೋದು? ಹಳ್ಳಿ ಬಸ್ ದಿನಕ್ಕೆ ಎರಡೋ ಮೂರೋ. ಆಟೋದವರು ಹೇಳೋ ರೇಟು ಕೇಳಿದರೆ ಕಾರೇ ಅಗ್ಗ.

ಬೆಟ್ಟದ ಮೇಲೆ ರೆಸಾರ್ಟ್ ಕಟ್ಟೋಕೆ ಗುಡ್ಡ ಕಡಿದವರನ್ನು ಯಾರೂ ಕೇಳಲ್ಲ. ಬಿಸಿಲಲ್ಲಿ ಒಂದು ಬಾಟಲಿ ನೀರು ಕೊಂಡವನನ್ನು ಎಲ್ಲರೂ ಕೇಳುತ್ತಾರೆ. ಇದು ನನಗೆ ನೋವು.

ಕಾಫಿ ತೋಟದವಳು (ಅಕ್ಟೋಬರ್ 19)

ಬಸವನಗುಡಿ ಅಕ್ಕ, ನಿಮ್ಮ ಮಗಳು ನೋಡಿದ ಗುಂಡಿ ನಮ್ಮ ಮನೆ ಹಿಂದೆಯೂ ಇತ್ತು. ಮೂರು ವರ್ಷದ ಹಿಂದಿನವರೆಗೂ ಇತ್ತು. ಸುಳ್ಳು ಹೇಳಲ್ಲ.

ಸಕಲೇಶಪುರದ ಹತ್ತಿರ ಹಾನುಬಾಳು ಕಡೆ ನಮ್ಮ ತೋಟ. ನಾಲ್ಕು ಕೋಣೆ ಇಟ್ಟು ಹೋಂಸ್ಟೇ ನಡೆಸುತ್ತೇವೆ. ನಮ್ಮ ಪಂಚಾಯಿತಿ ಕಸದ ಗಾಡಿ ಮುಖ್ಯ ರಸ್ತೆಗೆ ಬರುತ್ತೆ, ತೋಟದ ಒಳಗಿನ ಮನೆಗಳಿಗೆ ಬರಲ್ಲ. ಹೋದ ಡಿಸೆಂಬರಿನಲ್ಲಿ ಒಂದು ಭಾನುವಾರ ಸಂಜೆ ಹನ್ನೆರಡು ಜನ ಹೊರಟ ಮೇಲೆ ನಾನೇ ಕೂತು ಎಣಿಸಿದೆ. ನೀರಿನ ಬಾಟಲಿ 41. ತಂಪು ಪಾನೀಯದ್ದು 9. ಚಿಪ್ಸ್, ಬಿಸ್ಕತ್ತಿನ ಪ್ಯಾಕೆಟ್ ಎರಡು ಚೀಲ. ಮಗುವಿನ ಡೈಪರ್ 7. ಡೈಪರ್ ಏನು ಮಾಡಲಿ ಹೇಳಿ? ಹೂಳೋಕೂ ಆಗಲ್ಲ, ಸುಡೋಕೂ ಆಗಲ್ಲ. ನಮ್ಮ ಮನೆಯವರು ಚೀಲ ಕಟ್ಟಿ ಜೀಪಿನಲ್ಲಿ ಸಕಲೇಶಪುರಕ್ಕೆ ತೆಗೆದುಕೊಂಡು ಹೋಗಿ ಕೊಟ್ಟು ಬಂದರು. ಎಲ್ಲ ಮನೆಯವರೂ ಹೀಗೆ ಮಾಡೋಕೆ ಆಗುತ್ತಾ? ಕೊಯ್ಲಿನ ಸಮಯ, ಆಳು ಸಿಗಲ್ಲ, ಒಲೆಗೆ ಹಾಕೋದೇ ಸುಲಭ.

ಅದಕ್ಕೇ ಈಗ ಬುಕಿಂಗ್ ಮಾಡುವಾಗಲೇ ಹೇಳುತ್ತೇವೆ. ತಂದ ಪ್ಯಾಕೆಟ್ ಖಾಲಿ ಮಾಡಿ ಅದೇ ಚೀಲದಲ್ಲಿ ವಾಪಸ್ ತೆಗೆದುಕೊಂಡು ಹೋಗಿ. ಕುಡಿಯೋ ನೀರು ಕಾಯಿಸಿ ತಾಮ್ರದ ಕೊಡದಲ್ಲಿ ಇಟ್ಟಿರುತ್ತೇವೆ, ಎಷ್ಟು ಬೇಕಾದರೂ ತುಂಬಿಕೊಳ್ಳಿ. ಮೊದಲು ಮುಖ ಸಿಂಡರಿಸುವವರು ಇದ್ದರು. ಈಗ ಮುಕ್ಕಾಲು ಪಾಲು ಜನ ಒಪ್ಪುತ್ತಾರೆ.

ಬರುವವರಿಗೆ ಗೊತ್ತಾಗದ ಇನ್ನೊಂದು ವಿಷಯ ಊಟದ್ದು. ನಮ್ಮಲ್ಲಿ ಅಕ್ಕಿ ರೊಟ್ಟಿ, ಕಡುಬು, ಬಾಳೆಕಾಯಿ ಪಲ್ಯ, ಹಲಸಿನ ಹಪ್ಪಳ, ತೋಟದ ಗಾಂಧಾರಿ ಮೆಣಸಿನ ಚಟ್ನಿ, ಊರಿನ ಕೋಳಿ ಇರುತ್ತೆ. ಎಲ್ಲ ಮನೆ ಸುತ್ತಮುತ್ತಲಿನದು. ಸಂಜೆ ಐದಕ್ಕೆ "ಆಂಟಿ, ಮಕ್ಕಳಿಗೆ ಪನೀರ್ ಬೇಕು, ನೂಡಲ್ಸ್ ಬೇಕು" ಅಂದರೆ ಜೀಪು ಪೇಟೆಗೆ ಹೋಗಬೇಕು, ಒಂದು ಪ್ಯಾಕೆಟ್ ಪನೀರಿಗೋಸ್ಕರ. ನಮ್ಮ ಮನೆಯಲ್ಲಿ ಏನಿದೆಯೋ ಅದನ್ನು ಉಂಡರೆ ಅದೇ ದೊಡ್ಡ ಉಪಕಾರ.

ನೀರು. ನಮ್ಮದು ಹಳ್ಳದ ನೀರು, ಪೈಪಿನಲ್ಲಿ ಇಳಿಸಿಕೊಂಡಿದ್ದೇವೆ. ಮಾರ್ಚ್ ಬಂದರೆ ಬೆರಳು ಗಾತ್ರ ಆಗಿಬಿಡುತ್ತೆ. ಅದೇ ನೀರು ಗಿಡಕ್ಕೆ, ದನಕ್ಕೆ, ತೋಟದ ಕೆಲಸದವರ ಲೈನ್ ಮನೆಗಳಿಗೆ. ದಿನಾ ಬೆಡ್‌ಶೀಟ್, ಟವೆಲ್ ಬದಲಾಯಿಸಿ ಅಂದರೆ ಆ ಹಳ್ಳಕ್ಕೇ ಭಾರ. ಈಜುಕೊಳ ಇದೆಯಾ ಅಂತ ಕೇಳುವವರಿಗೆ ಇಲ್ಲ ಅಂತಲೇ ಹೇಳುತ್ತೇನೆ.

ಪೀಣ್ಯದ ಅಣ್ಣ, ನಿಮ್ಮ ಮಾತು ನಿಜ. ಗುಡ್ಡ ಕಡಿದವರನ್ನು ಕೇಳಲೇಬೇಕು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಹೇಗೆ ಜಾರಿದವು ಅಂತ ನಾವೆಲ್ಲ ನೋಡಿದ್ದೇವೆ. ಆದರೆ ಆ ರೆಸಾರ್ಟು ನಡೆಯೋದು ಬುಕಿಂಗ್ ಬಂದರೆ ತಾನೇ? ಎಲ್ಲಿ ಉಳಿಯಬೇಕು ಅನ್ನೋದು ನಿಮ್ಮ ಕೈಯಲ್ಲೇ ಇದೆ.

ಬಸವನಗುಡಿ ಮನೆ (ಅಕ್ಟೋಬರ್ 19)

ತೋಟದ ಅಕ್ಕ, 41 ಬಾಟಲಿ ಓದಿ ಸುಮ್ನೆ ಕೂತುಬಿಟ್ಟೆ. ನಾವು ಏಳು ಜನ ಮೂರು ದಿನಕ್ಕೆ ಎಷ್ಟು ಕೊಳ್ಳುತ್ತಿದ್ದೆವು ಅಂತ ಲೆಕ್ಕ ಹಾಕಿದೆ. ಕಡಿಮೆ ಅಂದರೂ ಮೂವತ್ತು.

ಪೀಣ್ಯದವರೇ, ನೀವು ಹೇಳಿದ್ದರಲ್ಲಿ ತಪ್ಪಿಲ್ಲ. ನಮಗೆ ನಾಲ್ಕು ದಿನ ರಜೆ ಸಿಕ್ಕಿದೆ, ಅದು ನಮ್ಮ ಭಾಗ್ಯ. ಎರಡೇ ದಿನ ಇರುವವರು ಏನು ಮಾಡಬಹುದು ಅಂತಲೂ ಇಲ್ಲಿ ಮಾತಾಡೋಣ.

ಚಾರಣದ ಬೂಟು (ಅಕ್ಟೋಬರ್ 20)

ಎರಡು ದಿನ ಇರುವವರು ಸಾಮಾನ್ಯವಾಗಿ ಬೆಟ್ಟಕ್ಕೇ ಬರುತ್ತಾರೆ, ಹಾಗಾಗಿ ನಾನು ಹೇಳುತ್ತೇನೆ. ಹತ್ತು ವರ್ಷದಿಂದ ಪಶ್ಚಿಮ ಘಟ್ಟದಲ್ಲಿ ಚಾರಣ ಮಾಡುತ್ತಿದ್ದೇನೆ, ವರ್ಷಕ್ಕೆ ಎರಡು ಸಲ ಗೆಳೆಯರ ಜೊತೆ ಕಸ ಹೆಕ್ಕೋಕೆ ಹೋಗುತ್ತೇನೆ.

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ವಿಡಿಯೋ ನೋಡಿರುತ್ತೀರಿ. 1,712 ಮೀಟರ್ ಎತ್ತರದ ಬೆಟ್ಟದ ಕಿರುದಾರಿಯಲ್ಲಿ ಸಾಲುಗಟ್ಟಿ ಜನ. ಅದಾದ ಮೇಲೆ ಸರ್ಕಾರ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ತಂದಿತು. ಈಗ ಅರಣ್ಯ ವಿಹಾರ ವೆಬ್‌ಸೈಟಿನಲ್ಲಿ ಟಿಕೆಟ್ ತೆಗೆದುಕೊಳ್ಳಬೇಕು, ಒಂದು ಬೆಟ್ಟಕ್ಕೆ ದಿನಕ್ಕೆ 300 ಜನರ ಮಿತಿ ಇದೆ. ಸಿಗದಿದ್ದರೆ ದಯವಿಟ್ಟು ಬೇರೆ ದಾರಿಯಲ್ಲಿ ನುಸುಳಬೇಡಿ. ಆ ಮಿತಿ ಇರೋದು ಬೆಟ್ಟಕ್ಕೋಸ್ಕರ.

ಹೆಕ್ಕುವಾಗ ನಮ್ಮ ಕೈಗೆ ಏನು ಸಿಗುತ್ತೆ ಗೊತ್ತಾ? ಬಾಟಲಿ ಕಣ್ಣಿಗೆ ಕಾಣುತ್ತೆ, ಸುಲಭ. ಕಷ್ಟ ಆಗೋದು ಗ್ಲೂಕೋಸ್ ಪೊಟ್ಟಣದ ಹರಿದ ಮೂಲೆ. ಬೆರಳಿನ ಉಗುರಷ್ಟೇ ಇರುತ್ತೆ. ಹುಲ್ಲಿನ ಬುಡದಲ್ಲಿ ಅಂಟಿಕೊಂಡಿರುತ್ತೆ, ಮೊಣಕಾಲೂರಿ ಒಂದೊಂದಾಗಿ ತೆಗೆಯಬೇಕು. ಪೊಟ್ಟಣ ಜೇಬಿಗೆ ಹಾಕಿಕೊಂಡ ಒಳ್ಳೆಯವರೂ ಆ ಮೂಲೆಯನ್ನು ಮರೆತಿರುತ್ತಾರೆ. ಪೂರ್ತಿ ಹರಿಯಬೇಡಿ, ಅಂಟಿಕೊಂಡೇ ಇರೋ ಹಾಗೆ ಸೀಳಿ. ಆಮೇಲೆ ಒದ್ದೆ ವೈಪ್ಸ್. ಅದು ಕಾಗದ ಅಂದುಕೊಳ್ಳುತ್ತಾರೆ. ಹೆಚ್ಚಿನವುಗಳಲ್ಲಿ ಪ್ಲಾಸ್ಟಿಕ್ ನೂಲು ಇರುತ್ತೆ, ಮಳೆಗಾಲ ಕಳೆದರೂ ಹಾಗೇ ಇರುತ್ತೆ. ಒಂದು ಹತ್ತಿ ಟವೆಲ್ ಸಾಕು.

ಕಿತ್ತಳೆ ಸಿಪ್ಪೆ ಕರಗುತ್ತೆ ಅಲ್ವಾ ಅಂತ ಕೇಳುತ್ತಾರೆ. ಬೆಟ್ಟದ ತುದಿಯ ತಂಪಿನಲ್ಲಿ ಬೇಗ ಕರಗಲ್ಲ. ಮಂಗ ಬರುತ್ತೆ. ಮಂಗ ಒಮ್ಮೆ ರುಚಿ ಕಂಡರೆ ಮುಂದಿನ ಗುಂಪಿನ ಚೀಲಕ್ಕೇ ಕೈ ಹಾಕುತ್ತೆ. ಚಾರ್ಮಾಡಿ, ಆಗುಂಬೆ ಘಾಟಿಯಲ್ಲಿ ಕಾರು ನಿಲ್ಲಿಸಿ ಬಾಳೆಹಣ್ಣು ಎಸೆಯುವವರಿಗೂ ಇದೇ ಹೇಳುತ್ತೇನೆ. ಪುಣ್ಯ ಅಂತ ಕೊಡುತ್ತೀರಿ, ಆದರೆ ಆ ಮಂಗಗಳು ದಿನವಿಡೀ ರಸ್ತೆ ಮೇಲೇ ಕಾಯುತ್ತವೆ. ತಿರುವಿನಲ್ಲಿ ಗಾಡಿಗೆ ಸಿಕ್ಕಿ ಸತ್ತ ತಾಯಿ ಮಂಗವನ್ನು, ಅದರ ಹೊಟ್ಟೆಗೆ ಕಚ್ಚಿಕೊಂಡೇ ಇದ್ದ ಮರಿಯನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮುಳ್ಳಯ್ಯನಗಿರಿಯಲ್ಲಿ ಫೋಟೋಕ್ಕೋಸ್ಕರ ಹುಲ್ಲಿನ ಮೇಲೆ ಗಾಡಿ ಹತ್ತಿಸೋದು ಇನ್ನೊಂದು. ಅದು ಬರೀ ಹುಲ್ಲಲ್ಲ. ಆ ಹುಲ್ಲುಗಾವಲು, ಅದರ ಮಡಿಲಲ್ಲಿರುವ ಕುಳ್ಳ ಮರಗಳ ಶೋಲಾ ಕಾಡು ಸೇರಿ ಮಳೆನೀರು ಹಿಡಿದಿಟ್ಟು ಬೇಸಿಗೆಯಲ್ಲಿ ಹಳ್ಳಕ್ಕೆ ಬಿಡುತ್ತವೆ. ಟೈರು ಹೋದ ಗೆರೆ ಮುಂದಿನ ಮಳೆಗೆ ಕೊರಕಲಾಗುತ್ತೆ.

ನೀಲಗಿರಿ ದಾರಿ (ಅಕ್ಟೋಬರ್ 20)

ಮೈಸೂರಿನವನು, ಕೆಲಸ ಊಟಿಯಲ್ಲಿ. ನಮ್ಮಲ್ಲಿ ಏನಾಗಿದೆ ಹೇಳುತ್ತೇನೆ. 2024ರ ಮೇ 7ರಿಂದ ಮದ್ರಾಸ್ ಹೈಕೋರ್ಟ್ ಆದೇಶದಂತೆ ಊಟಿಗೂ ಕೊಡೈಕೆನಾಲ್‌ಗೂ ಇ-ಪಾಸ್ ಬಂತು. ಮರುವರ್ಷ ಬೇಸಿಗೆಯಲ್ಲಿ ಗಾಡಿಗೇ ಮಿತಿ ಹಾಕಿದರು. ನೀಲಗಿರಿಗೆ ವಾರದ ದಿನ 6,000, ವಾರಾಂತ್ಯ 8,000. ಮೊದಲು ಅಂಗಡಿಯವರು ಗಾಬರಿಯಾಗಿ ಕಡೆಗೆ ಬಾಗಿಲು ಹಾಕಿ ಮುಷ್ಕರವನ್ನೂ ಮಾಡಿದರು. ಅವರ ಭಯ ಸುಳ್ಳಲ್ಲ, ಎರಡು ತಿಂಗಳ ದುಡಿಮೆ ಅವರಿಗೆ ವರ್ಷದ ಅನ್ನ. ಮಿತಿ ಹಾಕುವವರು ಅವರ ಜೊತೆ ಕೂತು ಮಾತಾಡಬೇಕು.

ಆದರೆ ನೀರಿನ ಬಾಟಲಿ ವಿಷಯದಲ್ಲಿ ನೀಲಗಿರಿ ಜಿಲ್ಲೆ ಮಾಡಿದ್ದು ನಮ್ಮ ಮಲೆನಾಡಿಗೂ ಬೇಕು. ಜಿಲ್ಲೆಯೊಳಗೆ ಪ್ಲಾಸ್ಟಿಕ್ ನೀರಿನ ಬಾಟಲಿ ಮಾರೋ ಹಾಗಿಲ್ಲ, ರಸ್ತೆ ಬದಿಯಲ್ಲಿ ನಾಣ್ಯ ಹಾಕಿ ನೀರು ಹಿಡಿಯೋ ಯಂತ್ರ ಇಟ್ಟಿದ್ದಾರೆ. ಗಡಿಯಲ್ಲಿ ತಪಾಸಣೆ ಇದೆ. ಬೇಡ ಅಂದರೆ ಸಾಲದು, ಬದಲಿಗೆ ನೀರು ಎಲ್ಲಿ ಸಿಗುತ್ತೆ ಅಂತ ತೋರಿಸಿದ್ದಾರೆ.

ಮೈಸೂರು ಕಡೆಯಿಂದ ಬರುವವರಿಗೆ ಇನ್ನೊಂದು. ಬಂಡೀಪುರದ ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತೆ. ಎಂಟೂವರೆಗೆ ಗೇಟ್ ದಾಟಿಬಿಡೋಣ ಅಂತ ಕಾಡಿನೊಳಗೆ ಓಡಿಸಬೇಡಿ. ಜಿಂಕೆ ರಸ್ತೆಗೆ ಬರೋದು ಆ ಹೊತ್ತಿನಲ್ಲೇ.

ದೂರದ ಮೈಸೂರಿನವ (ಅಕ್ಟೋಬರ್ 21)

ನಾನು ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಇದ್ದೇನೆ. ಕಾರಿನ ಲೆಕ್ಕ ಓದಿ ನನ್ನ ಲೆಕ್ಕ ನೆನಪಾಯಿತು. ಬೆಂಗಳೂರಿಗೆ ಹೋಗಿ ಬರೋಕೆ ಸುಮಾರು 15,000 ಕಿಲೋಮೀಟರ್ ವಿಮಾನ. ಒಬ್ಬನ ಪಾಲಿಗೆ ಒಂದು ಟನ್ ಮೇಲೆ ಇಂಗಾಲದ ಡೈಆಕ್ಸೈಡ್. ನಿಮ್ಮ ಎರಡು ಕಾರಿನ ಏಳು ಜನರ ಪ್ರವಾಸ ನಾಲ್ಕೈದು ಸಲ ಮಾಡಿದಷ್ಟು, ನಾನೊಬ್ಬನೇ.

ಮೊದಲು ವರ್ಷಕ್ಕೆ ಎರಡು ಸಲ, ಹತ್ತು ಹತ್ತು ದಿನಕ್ಕೆ ಬರುತ್ತಿದ್ದೆ. ಒಂದು ಮದುವೆಗೆ, ಒಂದು ಹಬ್ಬಕ್ಕೆ. ಈಗ ವರ್ಷಕ್ಕೆ ಒಂದೇ ಸಲ ಬರುತ್ತೇನೆ, ಆರು ವಾರ ಇರುತ್ತೇನೆ. ಅರ್ಧ ರಜೆ, ಅರ್ಧ ಮನೆಯಿಂದಲೇ ಕೆಲಸ. ಅಮ್ಮ ಮೊದಲು ಬೇಸರ ಮಾಡಿಕೊಂಡಿದ್ದರು. ಈಗ ಅವರೇ ಹೇಳುತ್ತಾರೆ, ಆಗ ನೀನು ಬಂದರೂ ನಿದ್ದೆಗಣ್ಣಲ್ಲೇ ಇರುತ್ತಿದ್ದೆ, ಈಗ ಮಗ ಬಂದ ಹಾಗಿರುತ್ತೆ ಅಂತ. ಊರಿಗೆ, ಅಮ್ಮನ ಹತ್ತಿರ ಬರೋದನ್ನು ನಾನು ಬಿಡಲಾರೆ. ಆದರೆ ಎರಡು ಸಲದ ಬದಲು ಒಂದು ಸಲ ಬರೋದು ನನ್ನ ಕೈಲಾಗುತ್ತೆ.

ಯುರೋಪಿನೊಳಗಿನ ಪ್ರವಾಸಕ್ಕೆ ವಿಮಾನ ಬಿಟ್ಟು ನಾಲ್ಕು ವರ್ಷ ಆಯಿತು. ಇಲ್ಲಿ 2022ರ ಬೇಸಿಗೆಯಲ್ಲಿ ಮೂರು ತಿಂಗಳು ತಿಂಗಳಿಗೆ 9 ಯೂರೋ ಟಿಕೆಟ್ ಕೊಟ್ಟರು. ಸ್ಥಳೀಯ ರೈಲು, ಬಸ್, ಟ್ರಾಮ್ ಎಲ್ಲಕ್ಕೂ ಅದೇ. ಜನ ರೈಲಿಗೆ ಮುಗಿಬಿದ್ದರು. 2023ರ ಮೇಯಿಂದ ಅದು 49 ಯೂರೋದ ಖಾಯಂ ಟಿಕೆಟ್ ಆಯಿತು, ಆಮೇಲೆ ದರ ಏರಿತು. ಸುಲಭ ಮಾಡಿಕೊಟ್ಟರೆ ಜನ ಬರುತ್ತಾರೆ ಅನ್ನೋದನ್ನು ಇಲ್ಲಿ ಕಣ್ಣಾರೆ ಕಂಡೆ. ಪೀಣ್ಯದ ಸರ್ ಕೇಳಿದ್ದು ಇದನ್ನೇ ಅಲ್ವಾ?

ಪೀಣ್ಯ ಶಿಫ್ಟ್ (ಅಕ್ಟೋಬರ್ 21)

ಹೌದು ಸರ್, ಇದನ್ನೇ ಕೇಳಿದ್ದು. ನಮ್ಮಲ್ಲೂ 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನ್ನ ಅಮ್ಮ, ಅತ್ತಿಗೆ, ಪಕ್ಕದ ಮನೆಯವರು ಸೇರಿ ಸಾಮಾನ್ಯ ಬಸ್ಸಿನಲ್ಲೇ ಧರ್ಮಸ್ಥಳ, ಶೃಂಗೇರಿ, ಹೊರನಾಡು ಎಲ್ಲ ನೋಡಿ ಬಂದರು. ಮೊದಲಾದರೆ ಒಂದು ಕಾರು ಮಾಡಬೇಕಿತ್ತು. ಬಸ್ ಸಿಕ್ಕಿದರೆ ಜನ ಹತ್ತುತ್ತಾರೆ. ಬೆಟ್ಟದ ಬುಡದಿಂದ ಮೇಲಕ್ಕೆ ಒಂದು ಸಣ್ಣ ಬಸ್ ಬಿಟ್ಟರೆ ಮುಗೀತು, ಮೇಲೆ ಅಷ್ಟು ಕಾರು ಯಾಕೆ ಹೋಗಬೇಕು?

ಹೊಳೆ ದಂಡೆ ಅಜ್ಜಿ (ಅಕ್ಟೋಬರ್ 22)

ಮಕ್ಕಳೇ, ಎಲ್ಲರೂ ಬೆಟ್ಟದ್ದೇ ಹೇಳುತ್ತಾ ಇದ್ದೀರಿ. ನಮ್ಮ ಕಡೆ ಜನ ಜಾಸ್ತಿ ಹೋಗೋದು ದೇವರ ದರ್ಶನಕ್ಕೆ. ನಾನು ಬೆಳ್ತಂಗಡಿಯವಳು. ನೇತ್ರಾವತಿ ನೋಡುತ್ತಾ ಬೆಳೆದವಳು. ಸ್ನಾನ ಮಾಡಿ ಉಟ್ಟ ಬಟ್ಟೆ ಹೊಳೆಗೆ ಬಿಟ್ಟರೆ ದೋಷ ಹೋಗುತ್ತೆ ಅಂತ ಯಾರು ಹೇಳಿಕೊಟ್ಟರೋ. ನಮ್ಮ ಅಜ್ಜಿ ಕಾಲದಲ್ಲಿ ನಾನು ಇದನ್ನು ಕಂಡಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಕಲ್ಲಿನ ಸಂದಿಯಲ್ಲಿ ಸೀರೆ, ಪ್ಯಾಂಟು ಸಿಕ್ಕಿಕೊಂಡು ಕೊಳೆಯುತ್ತಿರುತ್ತೆ. ಶಾಂಪೂ ಪೊಟ್ಟಣ ಮರಳಲ್ಲಿ ಹೂತಿರುತ್ತೆ. ತೀರ್ಥಕ್ಷೇತ್ರದ ಹೊಳೆಗಳಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಬಾರದು ಅಂತ 2025ರಲ್ಲಿ ಸರ್ಕಾರದಿಂದ ಸೂಚನೆ ಬಂತು. ಒಳ್ಳೆಯದಾಯಿತು. ಆದರೆ ಬ್ಯಾಗಿನಲ್ಲಿ ತರುವವರನ್ನು ಯಾರು ತಡೆಯೋದು?

ಮೂರು ಮುಳುಗು ಹಾಕಿ, ಕೈ ಮುಗಿದು, ಒದ್ದೆ ಬಟ್ಟೆ ಹಿಂಡಿ ಚೀಲಕ್ಕೆ ಹಾಕಿಕೊಳ್ಳಿ. ಸೋಪು ಬೇಕಾದರೆ ಕೋಣೆಯಲ್ಲಿ ಹಚ್ಚಿಕೊಳ್ಳಿ. ಹೊಳೆಯೂ ದೇವರೇ.

ಕಾಸರಕೋಡು ಮರಳು (ಅಕ್ಟೋಬರ್ 22)

ಹೊನ್ನಾವರದಿಂದ ಒಂದೇ ಮಾತು. ಡಿಸೆಂಬರಿನಿಂದ ಮಾರ್ಚ್‌ವರೆಗೆ ನಮ್ಮ ಕಡಲತೀರಕ್ಕೆ ರಾತ್ರಿ ಕಡಲಾಮೆ ಮೊಟ್ಟೆ ಇಡೋಕೆ ಬರುತ್ತೆ. ಟಾರ್ಚು, ಮೊಬೈಲ್ ಲೈಟು, ಬೆಂಕಿ ಕಂಡರೆ ವಾಪಸ್ ನೀರಿಗೆ ಹೋಗುತ್ತೆ. ಮರಿಗಳು ಬೆಳಕಿನ ಕಡೆಗೇ ನಡೆಯುತ್ತವೆ, ಸಮುದ್ರದ ಕಡೆ ಹೋಗಬೇಕಾದವು ರಸ್ತೆ ಕಡೆ ಬರುತ್ತವೆ. ರಾತ್ರಿ ದಂಡೆಗೆ ಬರುವವರು ಲೈಟ್ ಆರಿಸಿ ಕೂರಿ. ಕಣ್ಣು ಹೊಂದಿಕೊಂಡರೆ ನಕ್ಷತ್ರವೇ ಸಾಕಷ್ಟು ಬೆಳಕು ಕೊಡುತ್ತೆ. ಕೊಂಕಣ ರೈಲು ಹತ್ತಿ ಬಂದರೆ ಇನ್ನೂ ಸಂತೋಷ, ಹೊನ್ನಾವರ ಸ್ಟೇಷನ್ನಿಗೆ ಆಟೋ ಇರುತ್ತೆ.

ಪೀಣ್ಯ ಶಿಫ್ಟ್ (ನವೆಂಬರ್ 30)

ಒಂದು ವಿಷಯ ಹೇಳೋಣ ಅಂತ ಬಂದೆ. ನಮ್ಮ ಶಿಫ್ಟಿನ ನಾಲ್ಕು ಮನೆಯವರು ಸೇರಿ ಹೋದ ವಾರ ಚಿಕ್ಕಮಗಳೂರಿಗೆ ಹೋಗಿ ಬಂದೆವು. ಪ್ರತಿ ಸಲ ನಾಲ್ಕು ಕಾರು ಹೋಗುತ್ತಿತ್ತು. ಈ ಸಲ 12 ಸೀಟಿನ ಒಂದು ಟಿಟಿ (ಟೆಂಪೋ ಟ್ರಾವೆಲರ್) ಮಾಡಿದೆವು. ಎರಡೇ ದಿನ ಇದ್ದಿದ್ದರಿಂದ ರೈಲು ಹೊಂದಲಿಲ್ಲ. ಡೀಸೆಲ್ ಖರ್ಚು ಮೂರನೇ ಒಂದು ಪಾಲಿಗೆ ಇಳಿಯಿತು. 20 ಲೀಟರಿನ ನೀರಿನ ಕ್ಯಾನ್ ಎರಡು ಸೀಟಿನ ಕೆಳಗೆ ಇಟ್ಟುಕೊಂಡಿದ್ದೆವು, ಎಲ್ಲರ ಕೈಯಲ್ಲೂ ಸ್ಟೀಲ್ ಬಾಟಲಿ. ಮಕ್ಕಳು ದಾರಿಯುದ್ದಕ್ಕೂ ಅಂತ್ಯಾಕ್ಷರಿ ಆಡಿದರು. ನಾಲ್ಕು ಕಾರಿನಲ್ಲಿ ಹೋದರೆ ಅದು ಎಲ್ಲಿ ಸಿಗುತ್ತೆ? ಮುಂದಿನ ಸಲ ಸಕಲೇಶಪುರ, ರೈಲಿನಲ್ಲೇ ಅಂತ ಮಾತಾಗಿದೆ.

ಬಸವನಗುಡಿ ಮನೆ (ಜನವರಿ 4)

ಹೋಗಿ ಬಂದೆವು. ಎಲ್ಲರಿಗೂ ಮೊದಲು ಧನ್ಯವಾದ. ನಡೆದದ್ದನ್ನು ಹಾಗೇ ಬರೆಯುತ್ತೇನೆ.

ರೈಲಿನಲ್ಲೇ ಹೋದೆವು. ಏಳರಲ್ಲಿ ಐದು ಟಿಕೆಟ್ ಸಿಕ್ಕಿತು. ಮೈದುನ, ಓರಗಿತ್ತಿ ಬಸ್ಸಿನಲ್ಲಿ ಬಂದರು. ಮೊದಲು ಮೈದುನನಿಗೆ ಸಮಾಧಾನ ಇರಲಿಲ್ಲ. ಮಡಿಕೇರಿ ಬಿಟ್ಟುಹೋಯಿತು ಅಂತ ಎರಡು ದಿನ ಹೇಳುತ್ತಲೇ ಇದ್ದರು. ತೋಟದ ಅಕ್ಕ ತಮ್ಮ ಮನೆಯಲ್ಲಿ ಜಾಗ ಇಲ್ಲ ಅಂತ ಪಕ್ಕದ ತೋಟದವರನ್ನು ತೋರಿಸಿಕೊಟ್ಟರು. ಭಾನುವಾರ ಹೋಗಿ ಗುರುವಾರ ಹೊರಟೆವು, ಒಂದೇ ಮನೆಯಲ್ಲಿ ನಾಲ್ಕು ರಾತ್ರಿ.

ಒಂದು ದಿನ ಮಂಜರಾಬಾದ್ ಕೋಟೆ. 1792ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ನಕ್ಷತ್ರದ ಆಕಾರದ ಕೋಟೆ, ಅತ್ತೆ ಕೆಳಗೇ ಅಂಗಡಿಯಲ್ಲಿ ಕೂತರು. ಒಂದು ದಿನ ಹಳಿ ಪಕ್ಕದ ಸರ್ ಹೇಳಿದ ಹಾಗೆ ಘಾಟಿ ಇಳಿದು ಸುಬ್ರಹ್ಮಣ್ಯ. ದೊಡ್ಡವನು 57 ಸುರಂಗ ಎಣಿಸೋಕೆ ಹೋಗಿ 54ಕ್ಕೆ ಲೆಕ್ಕ ತಪ್ಪಿಸಿಕೊಂಡ, ಬರುವಾಗ ಮತ್ತೆ ಎಣಿಸಿದ. ಉಳಿದ ಎರಡು ದಿನ ಎಲ್ಲಿಗೂ ಹೋಗಲಿಲ್ಲ. ಅತ್ತೆ ಕಣದಲ್ಲಿ ಒಣಗಿಸಿದ ಕಾಫಿ ಹಣ್ಣು ಆರಿಸುವವರ ಜೊತೆ ಕೂತುಬಿಟ್ಟರು. ಅವರ ತವರು ಅರಸೀಕೆರೆ ಹತ್ತಿರ, ಅಲ್ಲಿಯವರೇ ಒಬ್ಬರು ಸಿಕ್ಕಿದರು, ಮಾತು ಮುಗಿಯಲೇ ಇಲ್ಲ. ಮೈದುನ ಮೂರನೇ ದಿನ ತೋಟದವರ ಜೊತೆ ಮೆಣಸಿನ ಬಳ್ಳಿ ನೋಡೋಕೆ ಹೋದವರು ಊಟಕ್ಕೆ ಕರೆದರೂ ಬರಲಿಲ್ಲ. ಆಮೇಲೆ ಮಡಿಕೇರಿ ಹೆಸರು ಎತ್ತಲಿಲ್ಲ.

ಎಲ್ಲ ಸರಿ ಹೋಯಿತು ಅಂತಲ್ಲ. ಸ್ಟೇಷನ್ನಿನಿಂದ ತೋಟಕ್ಕೆ ಜೀಪು ಮಾಡಲೇಬೇಕಾಯಿತು, ಅತ್ತೆ ಬಸ್ ಮೆಟ್ಟಿಲು ಹತ್ತಲಾರರು. ರೈಲಿನಲ್ಲಿ ಮಕ್ಕಳು ಹಠ ಹಿಡಿದು ಎರಡು ಜ್ಯೂಸ್ ಬಾಟಲಿ ಕೊಂಡರು. ಚಿಕ್ಕವಳು ಒಂದು ಬಟ್ಟೆ ಚೀಲಕ್ಕೆ ನಮ್ಮ ಕಸವನ್ನೆಲ್ಲ ಹಾಕಿ, ಪಟ್ಟಿ ಬರೆದಿದ್ದಾಳೆ. ಜ್ಯೂಸ್ ಬಾಟಲಿ ಎರಡು, ಬಿಸ್ಕತ್ತಿನ ಕವರ್ ಆರು, ಅಜ್ಜಿಯ ಮಾತ್ರೆ ಹಾಳೆ ಮೂರು, ಟೂತ್‌ಪೇಸ್ಟ್ ಟ್ಯೂಬು ಒಂದು. ಮನೆಗೆ ಬಂದು ಅಡುಗೆಮನೆ ತಕ್ಕಡಿಯಲ್ಲಿ ತೂಗಿದಳು, 210 ಗ್ರಾಂ. ಒಣ ಕಸದ ಗಾಡಿ ಬಂದ ದಿನ ತಾನೇ ಕೆಳಗಿಳಿದು ಕೊಟ್ಟಳು. ಹೊರಡುವ ದಿನ ಆ ಮನೆಯ ಹಿಂದಕ್ಕೂ ಹೋಗಿ ನೋಡಿ ಬಂದಿದ್ದಳಂತೆ. ಗುಂಡಿ ಇರಲಿಲ್ಲ, ಗೊಬ್ಬರದ ತಿಪ್ಪೆ ಇತ್ತು, ಕೋಳಿ ಕೆದಕುತ್ತಿದ್ದವು.

ಹಳಿ ಪಕ್ಕದವ (ಜನವರಿ 4)

ಮಗನಿಗೆ ಹೇಳಿ, ಕೆಲವು ಸುರಂಗ ತುಂಬಾ ಚಿಕ್ಕವು, ಕಣ್ಣು ಮುಚ್ಚಿ ಬಿಡೋದರೊಳಗೆ ದಾಟಿಬಿಡುತ್ತವೆ. ಮೂರು ತಪ್ಪಿದ್ದು ಏನೂ ದೊಡ್ಡದಲ್ಲ. ನಿಮ್ಮ ಅತ್ತೆಯವರ ತವರು ಅರಸೀಕೆರೆ ಹತ್ತಿರ ಯಾವ ಊರು?

ಪೀಣ್ಯ ಶಿಫ್ಟ್ (ಜನವರಿ 5)

ಮೇಡಂ, ಓದಿ ಖುಷಿಯಾಯಿತು. ನಾವು ನಾಲ್ಕು ಮನೆಯವರು ಸಂಕ್ರಾಂತಿ ಆದ ಮೇಲೆ ಹೊರಡಬೇಕು ಅಂತಿದ್ದೇವೆ. ಸಕಲೇಶಪುರದಿಂದ ಹಾನುಬಾಳು ಕಡೆಗೆ ಸಂಜೆ ಬಸ್ ಎಷ್ಟು ಹೊತ್ತಿನವರೆಗೆ ಇರುತ್ತೆ? ಯಾರಿಗಾದರೂ ಗೊತ್ತಾ?

ಕಾಫಿ ತೋಟದವಳು (ಜನವರಿ 5)

ಅಣ್ಣ, ಬಸ್ ಹೊತ್ತು ಆಗಾಗ ಬದಲಾಗುತ್ತೆ. ಸಕಲೇಶಪುರ ನಿಲ್ದಾಣದಲ್ಲಿ ಇಳಿದ ತಕ್ಷಣ ವಿಚಾರಣೆ ಕಿಟಕಿಯಲ್ಲಿ ಕೇಳಿಕೊಳ್ಳಿ. ಹೇಗಿದ್ದರೂ ಕತ್ತಲಾಗೋದಕ್ಕೆ ಮುಂಚೆ ತೋಟ ಸೇರೋ ಹಾಗೆ ಬನ್ನಿ. ಈ ವಾರ ನಮ್ಮ ಕಡೆ ಆನೆ ಗುಂಪು ಇದೆ, ಅರಣ್ಯ ಇಲಾಖೆಯವರು ವಾಟ್ಸಾಪಿನಲ್ಲಿ ಎಲ್ಲಿದೆ ಅಂತ ಹಾಕುತ್ತಾ ಇರುತ್ತಾರೆ. ಹೊರಡುವ ಹಿಂದಿನ ದಿನ ಇಲ್ಲೇ ಒಂದು ಮಾತು ಬರೆಯಿರಿ, ಆನೆ ಯಾವ ಕಡೆ ಇದೆ ಅಂತ ನೋಡಿ ಹೇಳುತ್ತೇನೆ. ಮತ್ತೆ ಸ್ಪೀಕರ್ ಮಾತ್ರ ತರಬೇಡಿ.